ಊಟ ಆಯ್ತಾ ಭಾವ?

ನನ್ನ ಹೆಂಡತಿಯ ತಮ್ಮ ಚೆನ್ನೈನಲ್ಲಿದ್ದಾನೆ. ಹುಟ್ಟಿದ್ದು, ಓದಿದ್ದು, ಟೆನಿಸ್ ಬಾಲಿನಲ್ಲಿ ಕ್ರಿಕೆಟ್ ಆಡಿ ಪಕ್ಕದ ಮನೆಯ ಕಿಟಕಿ ಗಾಜು ಒಡೆದದ್ದು ಎಲ್ಲ ಹನುಮಂತನಗರದಲ್ಲೇ. ಕೆಲಸ ಸಿಕ್ಕಿತೆಂದು ಹೋದವನು ಅಲ್ಲೇ ಮನೆ ಮಾಡಿ, ಅಲ್ಲಿಯ ಹಳದಿ ಅಂಗಿಯನ್ನೂ ತೊಟ್ಟುಬಿಟ್ಟ. ಅದಕ್ಕೆ ನನ್ನ ತಕರಾರಿಲ್ಲ. ಉಪ್ಪುಂಡ ಊರಿಗೆ ನಿಷ್ಠೆ ಇರಬೇಕಾದ್ದೇ. ನನ್ನ ತಕರಾರು ಅವನ ಫೋನಿನ ಬಗ್ಗೆ.

ಬೆಂಗಳೂರು ಸೋತ ರಾತ್ರಿ, ಕೊನೆಯ ಚೆಂಡು ಬಿದ್ದು ಸರಿಯಾಗಿ ಹದಿನೈದು ನಿಮಿಷಕ್ಕೆ ನನ್ನ ಫೋನು ಹೊಡೆದುಕೊಳ್ಳುತ್ತದೆ. "ಊಟ ಆಯ್ತಾ ಭಾವ?" ಅಷ್ಟೇ. ಕ್ರಿಕೆಟ್ಟಿನ ಸೊಲ್ಲೇ ಇಲ್ಲ. ಮಿಕ್ಕ ದಿನಗಳಲ್ಲಿ ನಾನು ಉಂಡೆನೋ ಉಪವಾಸ ಬಿದ್ದೆನೋ ಕೇಳಿದವನಲ್ಲ. "ಆಯ್ತಪ್ಪ" ಎಂದು ಹಲ್ಲು ಕಚ್ಚಿ ಹೇಳಿ ಫೋನಿಡುತ್ತೇನೆ. "ನೋಡ್ರೀ, ನನ್ನ ತಮ್ಮನಿಗೆ ನಿಮ್ಮ ಮೇಲೆ ಎಷ್ಟು ಅಕ್ಕರೆ" ಎನ್ನುತ್ತಾಳೆ ಹೆಂಡತಿ, ಮುಖ ಆ ಕಡೆ ತಿರುಗಿಸಿಕೊಂಡು.

ಮೊದಲ ಫೋನು ಬಂದದ್ದು 2008ರ ಏಪ್ರಿಲ್ 18ರಂದು. ಐಪಿಎಲ್ಲಿನ ಮೊಟ್ಟಮೊದಲ ಪಂದ್ಯ, ಅದೂ ನಮ್ಮ ಚಿನ್ನಸ್ವಾಮಿಯಲ್ಲೇ. ಮನೆಯಲ್ಲಿ ಹಬ್ಬ, ಅಮ್ಮ ಕಡ್ಲೆಪುರಿಗೆ ಒಗ್ಗರಣೆ ಹಾಕಿದ್ದರು. ಕೋಲ್ಕತ್ತಾದ ಪರವಾಗಿ ಬ್ರೆಂಡನ್ ಮೆಕಲಂ 73 ಎಸೆತಕ್ಕೆ 158 ಹೊಡೆದ. ನಮ್ಮವರು ಇಡೀ ತಂಡ ಸೇರಿ 82. ದ್ರಾವಿಡ್, ಕಾಲಿಸ್, ವಾಸೀಂ ಜಾಫರ್, ಚಂದ್ರಪಾಲ್ ಎಂದು ಟೆಸ್ಟಿನ ಮಹಾನುಭಾವರನ್ನೆಲ್ಲ ಕಲೆಹಾಕಿ ಇಪ್ಪತ್ತು ಓವರಿನ ಆಟಕ್ಕೆ ಕಳಿಸಿದ್ದೆವು. ಗಮಕ ವಾಚನಕ್ಕೆ ಕೂತವರನ್ನು ಎಬ್ಬಿಸಿ ಡೊಳ್ಳು ಕೊಟ್ಟ ಹಾಗೆ. ಎರಡಂಕಿ ಮುಟ್ಟಿದವನು ಬೌಲರ್ ಪ್ರವೀಣ್ ಕುಮಾರ್ ಒಬ್ಬನೇ. ಅಮ್ಮ ಕನ್ನಡಕ ಏರಿಸಿಕೊಂಡು ಟಿವಿಯ ಲೆಕ್ಕ ನೋಡಿ ಕೇಳಿದರು: "ಈ ಎಕ್ಸ್‌ಟ್ರಾಸ್ ಅನ್ನೋ ಹುಡುಗ ಯಾರೋ? ಅವನೇ ಎಲ್ಲರಿಗಿಂತ ಜಾಸ್ತಿ ಹೊಡೆದಿದ್ದಾನಲ್ಲ, 19." ಅವನನ್ನು ಮುಂದಿನ ಪಂದ್ಯಕ್ಕೆ ಮೊದಲೇ ಕಳಿಸಬೇಕೆಂಬುದು ಅಮ್ಮನ ಸಲಹೆ. ಅಂದು ಟಿವಿಯಲ್ಲಿ ಕೇಳಿದ ಪರಿಣತರ ವಿಶ್ಲೇಷಣೆಗಿಂತ ಅದೇ ವಾಸಿಯಾಗಿತ್ತು.

ಆಮೇಲೆ ಯಾವಾಗಲೋ ಆ ಘೋಷಣೆ ಹುಟ್ಟಿತು: ಈ ಸಲ ಕಪ್ ನಮ್ದೇ. ನಾನು ಕನ್ನಡ ಮೇಷ್ಟರ ಮಗ, ಅದನ್ನು ಬಿಡಿಸಿ ನೋಡದೆ ಇರಲಾಗಲಿಲ್ಲ. ಆ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಗೆದ್ದೆವು ಎಂದಿಲ್ಲ, ಗೆಲ್ಲುತ್ತೇವೆ ಎಂದೂ ಇಲ್ಲ. ಹಾಗಾಗಿ ಸುಳ್ಳು ಹೇಳಿದಿರಿ ಎಂದು ಯಾರೂ ನಮ್ಮ ಕೊರಳಪಟ್ಟಿ ಹಿಡಿಯುವ ಹಾಗಿಲ್ಲ. 'ಈ ಸಲ' ಎಂಬುದಂತೂ 'ನಾಳೆ ಬಾ' ಎಂದು ಹಳ್ಳಿಯ ಬಾಗಿಲ ಮೇಲೆ ಬರೆಯುತ್ತಿದ್ದರಲ್ಲ, ಅದರ ತಮ್ಮ. ದೆವ್ವ ಪ್ರತಿದಿನ ಬಂದು ಓದಿಕೊಂಡು ಹೋಗುತ್ತದೆ. ನಾವು ಪ್ರತಿವರ್ಷ ಓದಿಕೊಂಡು ಕೂತಿರುತ್ತೇವೆ. ಇಡೀ ಭಾರ ಬಿದ್ದಿರುವುದು ಕೊನೆಯ 'ಏ' ಮೇಲೆ. ವರ್ಷಗಟ್ಟಲೆ ಬೆಂಗಳೂರನ್ನು ಹೊತ್ತದ್ದು ಆ ಒಂದು ಸ್ವರ.

ಕೆಟ್ಟ ತಂಡವಾಗಿದ್ದರೆ ಮರೆತುಬಿಡಬಹುದಿತ್ತು. ನಮ್ಮದು ಹಾಗಲ್ಲ, ತುತ್ತು ಬಾಯಿಯ ಹತ್ತಿರ ತಂದು ಕೆಳಗೆ ಬೀಳಿಸುವ ತಂಡ. 2009ರ ಫೈನಲ್ ಜೋಹಾನ್ಸ್‌ಬರ್ಗಿನಲ್ಲಿ. ನಮ್ಮ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತು ಡೆಕ್ಕನ್ ಚಾರ್ಜರ್ಸನ್ನು 143ಕ್ಕೆ ಕಟ್ಟಿಹಾಕಿದರು. ಸೋತದ್ದು 6 ರನ್ನಿಂದ. ಪಂದ್ಯಶ್ರೇಷ್ಠ ಯಾರು? ಕುಂಬ್ಳೆಯೇ. ಮಗು ಫೇಲು, ಆದರೆ ಅಕ್ಷರ ದುಂಡಗಿದೆ ಎಂದು ಬಹುಮಾನ. 2011ರ ಫೈನಲ್ ಚೆನ್ನೈನಲ್ಲೇ, ಚೆನ್ನೈ ಮೇಲೆಯೇ. ಆ ವರ್ಷ ಎಲ್ಲರಿಗಿಂತ ಹೆಚ್ಚು ರನ್ ಹೊಡೆದಿದ್ದ ಕ್ರಿಸ್ ಗೇಲ್ ಮೊದಲ ಓವರಿನಲ್ಲೇ ಸೊನ್ನೆಗೆ ಔಟು. ಭಾಮೈದ ಅಂದು ಸ್ಟೇಡಿಯಮ್ಮಿನಲ್ಲೇ ಇದ್ದ. ಆ ಗದ್ದಲದ ನಡುವೆಯೂ ಕಿವಿ ಮುಚ್ಚಿಕೊಂಡು ಕಿರುಚಿ ಕೇಳಿದ, ನನ್ನ ಊಟದ ವಿಷಯ.

2016ರದ್ದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ. ಫೈನಲ್ ನಮ್ಮ ಮನೆ ಅಂಗಳದಲ್ಲಿ. ಕೊಹ್ಲಿ ಆ ಒಂದೇ ಸೀಸನ್ನಿನಲ್ಲಿ 973 ರನ್. ಹೈದರಾಬಾದಿನವರ 208ಕ್ಕೆ ಉತ್ತರವಾಗಿ ಗೇಲ್ ಮತ್ತು ಕೊಹ್ಲಿ ವಿಕೆಟ್ ಬೀಳದೆ 114. ಬೆಟ್ಟಿಂಗ್ ಗಲಾಟೆಯಿಂದ ಭಾಮೈದನ ತಂಡಕ್ಕೆ ಆ ವರ್ಷ ನಿಷೇಧ, ಅನಾಥನಾಗಿದ್ದ. ನನಗೇನು ಬುದ್ಧಿ ಕೆಟ್ಟಿತೋ, ಜೀವಮಾನದಲ್ಲಿ ಮೊದಲ ಬಾರಿ ನಾನೇ ಫೋನ್ ಮಾಡಿದೆ. "ಊಟ ಆಯ್ತೇನಪ್ಪಾ?"

ಅವನು ತಣ್ಣಗೆ, "ಇನ್ನೂ ಹೊತ್ತಿದೆ ಭಾವ" ಎಂದ.

ಫೋನಿಟ್ಟ ಮೇಲೆ ಗೇಲ್ ಹೋದ. ಹಿಂದೆಯೇ ಕೊಹ್ಲಿ, ಡಿವಿಲಿಯರ್ಸ್, ರಾಹುಲ್. ಸೋತದ್ದು 8 ರನ್ನಿಂದ. ಆ ಫೋನು ನಾನು ಮಾಡಿರದಿದ್ದರೆ ಕಪ್ ಒಂಬತ್ತು ವರ್ಷ ಮೊದಲೇ ಬರುತ್ತಿತ್ತು ಎಂದು ನನ್ನ ಮಗ ಇಂದಿಗೂ ನಂಬಿದ್ದಾನೆ. ಶೇನ್ ವಾಟ್ಸನ್ ಅಂದು 4 ಓವರಿನಲ್ಲಿ 61 ಕೊಟ್ಟದ್ದು ಅವನಿಗೆ ಕಾಣುವುದಿಲ್ಲ, ಅಪ್ಪನ ಒಂದು ಫೋನ್ ಕಾಣುತ್ತದೆ. ಅದೇ ವಾಟ್ಸನ್ ಎರಡು ವರ್ಷ ಬಿಟ್ಟು ಹಳದಿ ಅಂಗಿ ಹಾಕಿಕೊಂಡು, ಅದೇ ಹೈದರಾಬಾದಿನ ಮೇಲೆ, ಫೈನಲ್ಲಿನಲ್ಲೇ ಔಟಾಗದೆ 117 ಹೊಡೆದು ಚೆನ್ನೈಗೆ ಕಪ್ ತಂದುಕೊಟ್ಟ. ಅಂದು ರಾತ್ರಿ ಪ್ರಶ್ನೆ ಸ್ವಲ್ಪ ಬದಲಾಗಿತ್ತು: "ಸಿಹಿ ತಿಂದ್ರಾ ಭಾವ?"

ನಮ್ಮಲ್ಲಿದ್ದಾಗ ಇಲ್ಲದ ಕಳೆ ಹೊರಗೆ ಹೋದಾಗ ಬರುವುದು ಹೇಗೆ? ಮನೀಶ್ ಪಾಂಡೆ ಕರ್ನಾಟಕದ ಆಟಗಾರ. ಐಪಿಎಲ್ಲಿನಲ್ಲಿ ಶತಕ ಹೊಡೆದ ಮೊದಲ ಭಾರತೀಯ, ಅದೂ 2009ರಲ್ಲಿ ನಮ್ಮ ಪರವಾಗಿಯೇ. 2014ರ ಫೈನಲ್ ಚಿನ್ನಸ್ವಾಮಿಯಲ್ಲಿ ನಡೆದಾಗ 94 ಹೊಡೆದು ಕಪ್ ಗೆದ್ದುಕೊಟ್ಟ. ಕೋಲ್ಕತ್ತಾಕ್ಕೆ. ಆ ವರ್ಷ ಅತಿ ಹೆಚ್ಚು ರನ್ ನಮ್ಮ ರಾಬಿನ್ ಉತ್ತಪ್ಪನದು, ಅದೂ ಕೋಲ್ಕತ್ತಾಕ್ಕೇ. ಹತ್ತಾರು ವಿಕೆಟ್ ಕಿತ್ತು ಕೊಡುತ್ತಿದ್ದ ಚಾಹಲ್‌ನನ್ನು ಬಿಟ್ಟುಕೊಟ್ಟೆವು. 2022ರಲ್ಲಿ ರಾಜಸ್ಥಾನದ ಪರ 27 ವಿಕೆಟ್ ಕಿತ್ತು ಎಲ್ಲರಿಗಿಂತ ಮೇಲೆ ಕೂತ. ಕೆ.ಎಲ್. ರಾಹುಲ್ 2025ರ ಏಪ್ರಿಲ್‌ನಲ್ಲಿ ಡೆಲ್ಲಿಯ ಪರ ಇಲ್ಲಿಗೆ ಬಂದು ಔಟಾಗದೆ 93 ಹೊಡೆದು, 'ಕಾಂತಾರ'ದ ಶೈಲಿಯಲ್ಲಿ ಬ್ಯಾಟಿನಿಂದ ನೆಲದ ಮೇಲೆ ಸುತ್ತು ಗೀಚಿ, ಇದು ನನ್ನ ಜಾಗ ಎಂದು ತೋರಿಸಿ ಹೋದ. ಹೌದಪ್ಪ, ನಿನ್ನದೇ ಜಾಗ. ನಮ್ಮದು ಎಂದು ಯಾರು ಹೇಳಿದರು? ನಾವು ಬರೀ ಟಿಕೆಟ್ ಕೊಂಡವರು.

ನನ್ನ ಸ್ವಂತ ಸಿದ್ಧಾಂತ ಒಂದಿದೆ, ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದಿದ್ದೇನೆ. ಚಿನ್ನಸ್ವಾಮಿ ಚಿಕ್ಕ ಮೈದಾನ. ಊರು ಎತ್ತರದಲ್ಲಿರುವುದರಿಂದ ಗಾಳಿಗೆ ಸಿಕ್ಕ ಚೆಂಡು ಹಾರುತ್ತದೆ. ಇಂಥ ಕಡೆ ದುಡ್ಡು ಸುರಿಯಬೇಕಾದ್ದು ಬೌಲರುಗಳಿಗೆ. ನಮ್ಮವರು ಹೋಳಿಗೆ, ಫೇಣಿ, ಮಂಡಿಗೆ ಎಲ್ಲಕ್ಕೂ ಬಾಣಸಿಗರನ್ನು ಗೊತ್ತುಮಾಡಿ ಅನ್ನಕ್ಕೆ ಅಕ್ಕಿ ತರಿಸುವುದನ್ನೇ ಮರೆತ ಮದುವೆಮನೆಯವರು. 2013ರ ಏಪ್ರಿಲ್ 23ರಂದು ಗೇಲ್ ಒಬ್ಬನೇ 66 ಎಸೆತಕ್ಕೆ 175. 2017ರ ಅದೇ ಏಪ್ರಿಲ್ 23ರಂದು ಕೋಲ್ಕತ್ತಾದಲ್ಲಿ ಎಲ್ಲರೂ ಸೇರಿ 49, ಒಬ್ಬನೂ ಹತ್ತು ಮುಟ್ಟಲಿಲ್ಲ. ನನ್ನ ಬೌಲಿಂಗ್ ಸಿದ್ಧಾಂತ ಅಂದು ಮಕಾಡೆ ಮಲಗಿತು. ಅಮ್ಮ ಪಂಚಾಂಗ ತೆಗೆದು ತಿಥಿ ನಕ್ಷತ್ರ ಹುಡುಕಿದರು. ಅದರಲ್ಲೂ ಏನೂ ಸಿಗಲಿಲ್ಲ.

ಕ್ರಿಕೆಟ್ ಬೇಡ ಎಂದು ಒಂದಷ್ಟು ದಿನ ಕಂಠೀರವದ ಕಡೆ ತಿರುಗಿದ್ದುಂಟು. ಬೆಂಗಳೂರು ಎಫ್‌ಸಿ ಐಎಸ್‌ಎಲ್ಲಿಗೆ ಬಂದ ಮೊದಲ ವರ್ಷವೇ ಲೀಗಿನಲ್ಲಿ ಎಲ್ಲರಿಗಿಂತ ಮೇಲೆ. 2018ರ ಮಾರ್ಚ್‌ನಲ್ಲಿ ಫೈನಲ್ ಕಂಠೀರವದಲ್ಲೇ. ಸುನಿಲ್ ಛೆಟ್ರಿ ಒಂಬತ್ತನೇ ನಿಮಿಷಕ್ಕೆ ಗೋಲು ಹೊಡೆದಾಗ ಪಕ್ಕದವನನ್ನು ತಬ್ಬಿಕೊಂಡೆ, ಯಾರೆಂದು ಇವತ್ತಿಗೂ ಗೊತ್ತಿಲ್ಲ. ಕೊನೆಗೆ ಸೋತೆವು, 3-2. ಎದುರಾಳಿ ಯಾರು ಎಂದು ಬೇರೆ ಹೇಳಬೇಕೆ? ಸ್ಟೇಡಿಯಮ್ಮಿನ ಗೇಟು ದಾಟುವಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು. ಮರುವರ್ಷ ಕಪ್ ಗೆದ್ದರು ಎನ್ನಿ. ಹಾಳಾದ ಮನಸ್ಸು, ಗೆದ್ದದ್ದನ್ನು ಬೇಗ ಮರೆಯುತ್ತದೆ. ಕಬಡ್ಡಿಯ ಬುಲ್ಸ್ ಕೂಡ ಒಮ್ಮೆ ಗೆದ್ದವರೇ. ಹನ್ನೊಂದನೇ ಸೀಸನ್ನಿಗೆ ಲೀಗಿನಲ್ಲೇ ಅತಿ ಹೆಚ್ಚು ರೇಡ್ ಪಾಯಿಂಟಿನ ಪರ್ದೀಪ್ ನರ್ವಾಲ್‌ನನ್ನು ಕರೆತಂದು, 22 ಪಂದ್ಯ ಆಡಿ 2 ಗೆದ್ದರು. ಸದ್ಯ, ಕಬಡ್ಡಿಯಲ್ಲಿ ಭಾಮೈದನ ತಮಿಳ್ ತಲೈವಾಸ್ ಕೂಡ ಕಪ್ ಕಂಡವರಲ್ಲ. ಆ ಆಟದ ವಿಷಯ ನಾವಿಬ್ಬರೂ ಎತ್ತುವುದಿಲ್ಲ.

2024ರಲ್ಲಿ ಹೆಣ್ಣುಮಕ್ಕಳು ಕಪ್ ತಂದರು. ಸ್ಮೃತಿ ಮಂಧಾನ ನಾಯಕಿ. ಫೈನಲ್ಲಿನಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್. ಮಹಿಳೆಯರ ಲೀಗ್ ಶುರುವಾಗಿ ಅದು ಎರಡನೇ ವರ್ಷವಷ್ಟೇ. ಹೆಂಡತಿ ಹುಳಿಗೆ ಒಗ್ಗರಣೆ ಹಾಕುತ್ತ ಅಲ್ಲಿಂದಲೇ ಹೇಳಿದಳು: "ಎರಡು ವರ್ಷಕ್ಕೆ ಮುಗಿಸಿ ಕೈ ತೊಳ್ಕೊಂಡ್ರು ನೋಡಿ. ನಿಮ್ಮೋರು ಇನ್ನೂ ಪ್ಯಾಡ್ ಕಟ್ಕೋತಾ ಇದ್ದಾರೆ." ಸೀದು ಹೋದ ಸಾಸಿವೆಯ ವಾಸನೆ ಅಂದು ಒಗ್ಗರಣೆಯದೋ ನನ್ನದೋ ತಿಳಿಯಲಿಲ್ಲ.

2025ರ ಮಾರ್ಚ್ 28. ಚೆಪಾಕಿನಲ್ಲಿ 2008ರ ನಂತರ ಒಮ್ಮೆಯೂ ಗೆದ್ದಿರದ ನಾವು, ಚೆನ್ನೈಯನ್ನು 50 ರನ್ನಿಂದ ಸೋಲಿಸಿದೆವು. ಕೊನೆಯ ಚೆಂಡು ಬಿತ್ತು. ಗಡಿಯಾರ ನೋಡಿದೆ. ಹದಿನೈದು ನಿಮಿಷ ಕಾದೆ, ಸಂಪ್ರದಾಯ ಬಿಡಬಾರದು.

"ಊಟ ಆಯ್ತೇನಪ್ಪಾ?"

"ಇನ್ನೂ ಇಲ್ಲ ಭಾವ. ಯಾಕೋ ಹಸಿವಿಲ್ಲ."

ಹದಿನೇಳು ವರ್ಷದ ಅಜೀರ್ಣ ನನಗೆ ಆ ಒಂದು ಮಾತಿಗೆ ಇಳಿಯಿತು. ಆ ಸೀಸನ್ನಿನಲ್ಲಿ ಅವರು ಕಟ್ಟಕಡೆಗೆ ಹೋದರು. ನಾವು ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿಂದ ಸೋಲಿಸಿ ಕಪ್ ಎತ್ತಿದೆವು. ಜೋಹಾನ್ಸ್‌ಬರ್ಗಿನಲ್ಲಿ ಕಳೆದುಕೊಂಡಿದ್ದ ಅದೇ ಆರು. ಹನುಮಂತನಗರದಲ್ಲಿ ಮಧ್ಯರಾತ್ರಿ ಪಟಾಕಿ. ಕೊಹ್ಲಿ ಮೈದಾನದಲ್ಲಿ ಮುಖ ಮುಚ್ಚಿಕೊಂಡು ಅತ್ತ. ನಾನು ಬಚ್ಚಲಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು. ಭಾಮೈದ ಅಂದೂ ಫೋನ್ ಮಾಡಿದ. ಮೊದಲ ಸಲ ಕ್ರಿಕೆಟ್ ಮಾತಾಡಿದ, "ಕಂಗ್ರಾಟ್ಸ್ ಭಾವ" ಎಂದ. ನನಗೆ ಏನು ಹೇಳಬೇಕೋ ತೋಚಲಿಲ್ಲ. ಸೋತಾಗ ಆಡಬೇಕಾದ ಮಾತೆಲ್ಲ ಬಾಯಿಪಾಠ. ಗೆದ್ದಾಗಿನದು ಅಭ್ಯಾಸವೇ ಇರಲಿಲ್ಲ.

ಮರುದಿನ ಕಪ್ ಊರಿಗೆ ಬಂತು. ಮಗ ಕೆಂಪು ಅಂಗಿ ಹಾಕಿಕೊಂಡು ಮಧ್ಯಾಹ್ನವೇ ಹೊರಟ. ಹೋಗು, ಎಂದವನು ನಾನೇ. ಸಂಜೆ ಟಿವಿಯಲ್ಲಿ ಚಿನ್ನಸ್ವಾಮಿಯ ಗೇಟುಗಳು, ನೂಕುನುಗ್ಗಲು, ಆಂಬುಲೆನ್ಸು. ಹನ್ನೊಂದು ಜನ ಸತ್ತರು. ಮಗನ ಫೋನು ಸಿಗುತ್ತಿರಲಿಲ್ಲ. ಅಮ್ಮ ದೇವರ ಮುಂದೆ ಕೂತವರು ಏಳಲಿಲ್ಲ. ಅಷ್ಟರಲ್ಲಿ ಚೆನ್ನೈಯಿಂದ ಫೋನು ಬಂತು. ಅವನ ದನಿ ನನಗೆ ಗುರುತೇ ಹತ್ತಲಿಲ್ಲ.

"ಹುಡುಗ ಮನೆಗೆ ಬಂದ್ನಾ ಭಾವ?"

ಅರ್ಧ ಗಂಟೆಗೊಮ್ಮೆ ಮಾಡಿದ, ನಾಲ್ಕು ಸಲ. ಒಂಬತ್ತರ ಹೊತ್ತಿಗೆ ಮಗ ಬಂದ. ಜನ ಕಂಡು ಹೆದರಿ ಅರ್ಧ ದಾರಿಯಲ್ಲೇ ವಾಪಸಾಗಿ, ಬಸ್ಸು ಸಿಗದೆ ನಡೆದುಕೊಂಡೇ ಬಂದಿದ್ದ. ಅವನಮ್ಮ ಏನೂ ಮಾತಾಡದೆ ತಟ್ಟೆ ಹಾಕಿದಳು. ನಾನು ಚೆನ್ನೈಗೆ ಫೋನ್ ಮಾಡಿ ಹೇಳಿದೆ: "ಬಂದ ಕಣಪ್ಪ. ಊಟ ಮಾಡ್ತಿದ್ದಾನೆ."