ಭಾವಮೈದನ ಪಾಡ್‌ಕಾಸ್ಟು, ಭಾವನ ಬಜೆಟ್ಟು

ಹಿಂದೆಲ್ಲ ಕೈಯಲ್ಲಿ ನಾಲ್ಕು ಕಾಸು ಕೂಡಿದವರು ಸೈಟು ಕೊಳ್ಳುತ್ತಿದ್ದರು, ಕಾಸಿಲ್ಲದವರು ಕವನ ಬರೆಯುತ್ತಿದ್ದರು. ಈಗ ಕಾಸಿಲ್ಲದವರು ಸಂದರ್ಶನ ಮಾಡುತ್ತಾರೆ. ಅದೂ ಒಂದೆರಡಲ್ಲ, ಸರಣಿ! ವಿಡಿಯೊ ಯೂಟ್ಯೂಬಿಗೆ, ಅದರದೇ ಆಡಿಯೊ ಪಾಡ್‌ಕಾಸ್ಟಿಗೆ. ಒಂದೇ ಅಡುಗೆ, ಎರಡು ಪಂಕ್ತಿ ಊಟ.

ನನ್ನ ಹೆಂಡತಿಯ ತಮ್ಮ ಇಂಥದ್ದೊಂದು ಸರಣಿ ನಡೆಸುತ್ತಾನೆ. “ಲೋ ಬಜೆಟ್ಟು ಭಾವಾ, ಖರ್ಚೇ ಇಲ್ಲ” ಎನ್ನುತ್ತಾನೆ. ಅವನು ಸುಳ್ಳು ಹೇಳುವ ಹುಡುಗನಲ್ಲ. ಅವನಿಗೆ ನಿಜವಾಗಿಯೂ ಖರ್ಚಿಲ್ಲ.

ಸ್ಟುಡಿಯೊ ಎಂದರೆ ಮೈಸೂರಿನ ನಮ್ಮ ಮನೆಯ ಮಲಗುವ ಕೋಣೆ. ಅವನ ಮನೆಯ ಹಾಲ್ ದೊಡ್ಡದಿದೆ, ಆದರೆ ಅಲ್ಲಿ ಟೈಲ್ಸು, ಗಾಜು, ಖಾಲಿ ಗೋಡೆ. ಆಡಿದ ಮಾತು ಅವಕ್ಕೆ ಬಡಿದು ವಾಪಸು ಬಂದು ಮುಂದಿನ ಮಾತಿನ ಮೇಲೆ ಕೂರುತ್ತದೆ. ನಮ್ಮ ಕೋಣೆಯಲ್ಲಿ ಹಾಸಿಗೆಯಿದೆ, ಪರದೆಯಿದೆ, ಮಡಚದೆ ಬಿಟ್ಟ ಬಟ್ಟೆಯ ರಾಶಿಯಿದೆ. ಹತ್ತಿ ಇದ್ದಷ್ಟೂ ಗುಂಯ್ ಎನ್ನುವುದು ಇಂಗುತ್ತದೆ. “ಅಕ್ಕಾ, ಆ ಬಟ್ಟೆ ಮಡಚಬೇಡ, ಅದು ಅಕೌಸ್ಟಿಕ್ಸು” ಎಂದು ಅವನು ಹೇಳಿದ ದಿನ ನನ್ನವಳಿಗೆ ತಮ್ಮನ ಮೇಲೆ ಉಕ್ಕಿದ ಪ್ರೀತಿಯನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ. ಸಾಲದ್ದಕ್ಕೆ ನಮ್ಮ ಎರಡು ರಗ್ಗುಗಳನ್ನು ಕ್ಯಾಮೆರಾ ಹಿಂದಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಾನೆ. ಮೊಳೆಯೂ ನಮ್ಮದೇ.

ಲೈಟು ಸೂರ್ಯದೇವರದು. ಅತಿಥಿಯನ್ನು ಕಿಟಕಿಯ ಪಕ್ಕಕ್ಕೆ, ಬೆಳಕು ಕೆನ್ನೆಗೆ ಬೀಳುವಂತೆ ಕೂರಿಸಬೇಕು. ಕಿಟಕಿಗೆ ಬೆನ್ನು ಹಾಕಿ ಕೂರಿಸಿದರೆ ಫೋನಿನ ಕ್ಯಾಮೆರಾ ಹೊರಗಿನ ಬಿಸಿಲಿಗೆ ಹೊಂದಿಕೊಂಡು ಒಳಗಿರುವವರ ಮುಖಕ್ಕೆ ಮಸಿ ಬಳಿಯುತ್ತದೆ. ಹೆಸರಾಂತ ಸಾಹಿತಿಗಳೂ ಪೊಲೀಸರೆದುರು ಬಾಯಿಬಿಡುತ್ತಿರುವ ಗುಪ್ತ ಸಾಕ್ಷಿಗಳ ಹಾಗೆ ಕಾಣುತ್ತಾರೆ.

ಇನ್ನು ನಿಶ್ಶಬ್ದ. ಏಪ್ರಿಲ್ ತಿಂಗಳಲ್ಲಿ ಫ್ಯಾನು ಆಫ್. ಫ್ರಿಜ್ಜಿನ ಗುರ್ ಮೈಕಿಗೆ ಬೀಳುತ್ತದೆಂದು ಫ್ರಿಜ್ಜೂ ಆಫ್. ಮಾತು ಮುಗಿದ ಮೇಲೆ ಅದನ್ನು ಆನ್ ಮಾಡಲು ಯಾರಿಗೆ ನೆನಪಿರುತ್ತದೆ? ಹಾಗಾಗಿ ರೆಕಾರ್ಡಿಂಗಿನವರು ಒಂದು ಉಪಾಯ ಕಂಡುಕೊಂಡಿದ್ದಾರೆ: ಗಾಡಿ ಕೀಯನ್ನು ಫ್ರಿಜ್ಜಿನೊಳಗೇ ಇಟ್ಟುಬಿಡುವುದು. ಕೀಗೆಂದು ಬಾಗಿಲು ತೆಗೆದಾಗ ಸ್ವಿಚ್ಚೂ ನೆನಪಾಗುತ್ತದೆ. ನಮ್ಮ ಹುಡುಗ ಉಪಾಯವನ್ನು ಚಾಚೂ ತಪ್ಪದೆ ಪಾಲಿಸಿದ. ಇಟ್ಟದ್ದು ಮಾತ್ರ ನನ್ನ ಸ್ಕೂಟರಿನ ಕೀ. ಅವನು ತನ್ನ ಬೈಕ್ ಹತ್ತಿ ಹೊರಟುಹೋದ. ಸಂಜೆಯ ಹೊತ್ತಿಗೆ ಕೀ ಬೆಚ್ಚಗೆ ಸಿಕ್ಕಿತು, ಹಾಲು ಒಡೆದು ಸಿಕ್ಕಿತು.

“ಅಕ್ಕಾ, ಹನ್ನೊಂದರಿಂದ ಒಂದರವರೆಗೆ ಕುಕ್ಕರ್ ಇಡಬೇಡ, ಒಗ್ಗರಣೇನೂ ಹಾಕಬೇಡ. ಸಾಸಿವೆ ಚಟಪಟ ಮೈಕಿಗೆ ಬರುತ್ತೆ.”

“ಹಂಗಾದ್ರೆ ನಿನ್ನ ಗೆಸ್ಟಿಗೆ ಊಟಕ್ಕೆ ಏನು ಬಡಿಸ್ಲಿ? ನಿನ್ನ ಪ್ರಶ್ನೆಗಳನ್ನಾ?”

ಅಕ್ಕನ ಬಾಯಿ ಮುಚ್ಚಿಸಬಹುದು, ಬೀದಿಯ ಬಾಯಿ ಮುಚ್ಚಿಸಲಾದೀತೆ? ಈರುಳ್ಳಿ ಗಾಡಿಯ ಧ್ವನಿವರ್ಧಕ ಅವನ ಪ್ರತಿ ಕಂತಿನಲ್ಲೂ ಹಾಜರು. ಸರಣಿಯ ಖಾಯಂ ಕಲಾವಿದ ಆ ಗಾಡಿಯವನೊಬ್ಬನೇ.

ಒಂದು ವಿಷಯದಲ್ಲಿ ಮಾತ್ರ ಹುಡುಗನಿಗೆ ಶಹಬ್ಬಾಸ್ ಹೇಳಬೇಕು. ಕ್ಯಾಮೆರಾಕ್ಕೆ ದುಡ್ಡು ಸುರಿಯದೆ ಎರಡು ಕಾಲರ್ ಮೈಕ್ ಕೊಂಡಿದ್ದಾನೆ. ಚಿತ್ರ ಮಸುಕಾದರೆ ಜನ ಕಣ್ಣು ಕಿರಿದು ಮಾಡಿಕೊಂಡಾದರೂ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಪಾಡ್‌ಕಾಸ್ಟಿನಲ್ಲಂತೂ ಇರುವುದೇ ಮಾತು. ಮೈಕು ಬಾಯಿಂದ ದೂರವಾದಂತೆ, ಪ್ರತಿ ಸಲ ದೂರ ಇಮ್ಮಡಿಯಾದಾಗ ದನಿ 6 ಡೆಸಿಬಲ್ ಕುಸಿಯುತ್ತದೆ, ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದ ಅಗ್ಗದ ಮೈಕಿನ ಮುಂದೆ ಕೋಣೆಯ ಮೂಲೆಯಲ್ಲಿ ನಿಂತ ದುಬಾರಿ ಮೈಕು ಸೋಲುವುದು ಇದಕ್ಕೇ. ಆದರೆ ಆ ಎರಡು ಮೈಕಿನ ದುಡ್ಡು ಎಲ್ಲಿಂದ ಬಂತು ಎಂದು ಕೇಳಬೇಡಿ. “ಮುಂದಿನ ತಿಂಗಳು ಕೊಡ್ತೀನಿ ಭಾವಾ” ಎಂದಿದ್ದಾನೆ, ಯಾವ ವರ್ಷದ್ದು ಎಂದಿಲ್ಲ.

ಕ್ಯಾಮೆರಾಗಳು ಎರಡು ಫೋನು. ಒಂದು ಅವನದು, ಇನ್ನೊಂದು ಯಾರದೆಂದು ಬೇರೆ ಹೇಳಬೇಕೆ? ಕರೆ ಬರದಿರಲೆಂದು ಏರೋಪ್ಲೇನ್ ಮೋಡಿನಲ್ಲಿಟ್ಟಿರುತ್ತಾನೆ. ಆ ಎರಡು ಗಂಟೆ ಆಫೀಸಿನ ಪಾಲಿಗೆ ನಾನು ಸತ್ತಂತೆಯೇ. 4ಕೆ ಗುಣಮಟ್ಟದಲ್ಲಿ ಒಂದು ಗಂಟೆಗೆ ಸುಮಾರು 10 ಜಿಬಿ ಬೇಕಂತೆ, ಮೆಮೊರಿ ತುಂಬಿತೆಂದು ನಮ್ಮ ಊಟಿ ಪ್ರವಾಸದ ಫೋಟೊಗಳನ್ನು ಅಳಿಸಿದ. ಶುರುವಿಗೆ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟುತ್ತಾನೆ. ಆ ಟಪ್ ಎಂಬ ಸದ್ದು ನೋಡಿಕೊಂಡು ಚಿತ್ರ, ದನಿ ಎರಡನ್ನೂ ಆಮೇಲೆ ಜೋಡಿಸಬಹುದು. ಅವನ ಸರಣಿಗೆ ಇದುವರೆಗೆ ಬಿದ್ದ ಚಪ್ಪಾಳೆ ಅದೊಂದೇ.

ಜೋಡಿಸುವ ಕೆಲಸ ಅವನ ಚಿಕ್ಕಪ್ಪನ ಮಗನದು. ಬಿಇ ಓದುತ್ತಿದ್ದಾನೆ. ಡಾವಿಂಚಿ ರಿಸಾಲ್ವ್, ಅಡಾಸಿಟಿ ಎಂಬ ಎಡಿಟಿಂಗ್ ಸಾಫ್ಟ್‌ವೇರುಗಳೆಲ್ಲ ಪುಕ್ಕಟೆ ಸಿಗುತ್ತವೆ, ಜೊತೆಗೆ ಅವನೂ. ಅವನಿಗೆ ಸಂಬಳದ ಬದಲು “ಎಕ್ಸ್‌ಪೋಶರ್” ಕೊಡುತ್ತಾರಂತೆ. ಅದನ್ನು ಅಂಗಡಿಯಲ್ಲಿ ಕೊಟ್ಟರೆ ಒಂದು ಮಸಾಲೆ ದೋಸೆಯೂ ಬರುವುದಿಲ್ಲವೆಂಬ ಜ್ಞಾನೋದಯ ಪಾಪ, ಅವನಿಗಿನ್ನೂ ಆಗಿಲ್ಲ. ಜಾಹೀರಾತಿನ ದುಡ್ಡು ಬರಬೇಕಾದರೆ ಯೂಟ್ಯೂಬಿನಲ್ಲಿ 1000 ಚಂದಾದಾರರು, ಒಂದು ವರ್ಷದೊಳಗೆ 4000 ಗಂಟೆಗಳ ವೀಕ್ಷಣೆ ಆಗಬೇಕು. ಅದಕ್ಕೆ ನಮ್ಮ ಅತ್ತೆಯವರು ದಿನಾ ಮಧ್ಯಾಹ್ನ ಟಿವಿಯಲ್ಲಿ ಮಗನ ಸಂದರ್ಶನ ಹಚ್ಚಿಟ್ಟು ನಿದ್ದೆ ಮಾಡುತ್ತಾರೆ. ಗೊರಕೆಯೂ ವೀಕ್ಷಣೆಯ ಲೆಕ್ಕಕ್ಕೇ.

ಇದೆಲ್ಲ ನಗೆಯ ಮಾತಾಯಿತು. ನನಗೆ ನಗು ಬಾರದ ಲೆಕ್ಕ ಅತಿಥಿಯದು. ಮೊನ್ನೆ ಬಂದವರು ಕಂಪನಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯ ಮೇಷ್ಟ್ರು. ನಂಜನಗೂಡಿನಿಂದ ಬಸ್ಸಿನಲ್ಲಿ ಬಂದು, ಸ್ಟ್ಯಾಂಡಿನಿಂದ ತಮ್ಮದೇ ದುಡ್ಡಲ್ಲಿ ಆಟೋ ಹಿಡಿದು ಬಂದಿದ್ದರು. ಪೆಟ್ಟಿಗೆಯಿಂದ ತೆಗೆದ ಜರಿ ಶಲ್ಯ ಹೊದ್ದಿದ್ದರು, ಅದಕ್ಕಿನ್ನೂ ನುಸಿಗುಳಿಗೆಯ ವಾಸನೆ. ಜರಿ ಮೈಕಿಗೆ ಉಜ್ಜುತ್ತದೆಂದು ಅದನ್ನೂ ತೆಗೆಸಿದ. ನಮ್ಮವನ ಮೊದಲ ಪ್ರಶ್ನೆ ಪ್ರಬಂಧದಷ್ಟಿತ್ತು, ಕೊನೆಗೆ “ಅಲ್ವಾ ಸರ್?” ಎಂದು ಮುಗಿಯಿತು. ಮೇಷ್ಟ್ರು “ಹೌದು” ಎಂದರು. ಅಷ್ಟಕ್ಕೇ ಬಿಡದೆ ಅವರೇ ಬೆರಳಲ್ಲಿ ಮೊಣಕಾಲಿನ ಮೇಲೆ ಹಾರ್ಮೋನಿಯಂ ಮನೆಗಳನ್ನು ಒತ್ತುತ್ತ ಶುರು ಮಾಡಿದರು: “ಅವತ್ತು ದಾವಣಗೆರೆ ಕ್ಯಾಂಪು. ಮಳೆಗೆ ಪರದೆಯೆಲ್ಲ ತೊಯ್ದು, ರಾಜನ ಪಾರ್ಟಿನವನು ಜ್ವರ ಬಂದು ಮಲಗಿದ್ದ. ಮಾಲೀಕರು ನನ್ನ ಹತ್ರ ಬಂದು...”

“ವಾವ್ ಸರ್, ಸೂಪರ್! ನಮ್ಮ ವೀಕ್ಷಕರಿಗೆ ಒಂದು ಮೆಸೇಜ್ ಕೊಡಿ ಸರ್.”

ಮಾಲೀಕರು ಬಂದು ಏನೆಂದರು? ಕರ್ನಾಟಕಕ್ಕೆ ಇನ್ನು ಅದು ತಿಳಿಯುವುದಿಲ್ಲ.

ಮನೆಯನ್ನೇ ಸ್ಟುಡಿಯೊ ಮಾಡಿದ್ದು ನಮ್ಮವನೇ ಮೊದಲಲ್ಲ. ಇದೇ ಮೈಸೂರಿನಲ್ಲಿ 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಶುರು ಮಾಡಿದರು. ಅದರ ಹೆಸರೇ ಆಕಾಶವಾಣಿ. ಮುಂದೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಅವರದೂ ಸಣ್ಣ ಬಜೆಟ್ಟೇ, ಮನೆಯೇ ಸ್ಟುಡಿಯೊ. ವ್ಯತ್ಯಾಸ ಒಂದೇ: ಮನೆಯೂ ಅವರದೇ, ದುಡ್ಡೂ ಅವರದೇ. ಭಾವನದಲ್ಲ.

ಹಾಗಾಗಿ ಸರಣಿ ಶುರುಮಾಡಲು ಹೊರಟಿರುವ ಮಹನೀಯರೇ, ಮೊದಲ ದುಡ್ಡು ಮೈಕಿಗೆ ಹಾಕಿ. ಎರಡನೆಯದು ಅತಿಥಿಯ ಆಟೋಗೆ ಮತ್ತು ಊಟಕ್ಕೆ. ಮೂರನೆಯದು ಎಡಿಟ್ ಮಾಡುವ ಹುಡುಗನಿಗೆ. ಕ್ಯಾಮೆರಾ ನಿಮ್ಮ ಜೇಬಿನಲ್ಲೇ ಇದೆ. ಪ್ರಶ್ನೆಯನ್ನು ಚಿಕ್ಕದಾಗಿ ಕೇಳಿ, ಕೇಳಿದ ಮೇಲೆ ಉತ್ತರ ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರಿ. ಅದಕ್ಕೆ ದುಡ್ಡೂ ಬೇಡ, ಭಾವನೂ ಬೇಡ.