ಕಂಕುಳಿನ ಗುತ್ತಿಗೆದಾರರಿಗೆ ಒಂದು ಬಹಿರಂಗ ಪತ್ರ

ಡಿಯೋಡರೆಂಟ್ ಕಂಪನಿಗಳ ಮಾನ್ಯ ಜಾಹೀರಾತು ಮುಖ್ಯಸ್ಥರೇ,

ಅಂಗರಚನಾಶಾಸ್ತ್ರದ ಮೇಷ್ಟ್ರುಗಳ ಪರವಾಗಿ ನಿಮಗೆ ಅನಂತ ವಂದನೆಗಳು. ಕಂಕುಳಿನ ಬಗ್ಗೆ ನಾವು ಎಷ್ಟು ಗಂಟಲು ಹರಿದುಕೊಂಡರೂ ಹಿಂದಿನ ಬೆಂಚಿಗೆ ಎಚ್ಚರವಾದದ್ದಿಲ್ಲ. ನೀವು 30 ಸೆಕೆಂಡಿನಲ್ಲಿ ಇಡೀ ದೇಶವೇ ಕೈ ಎತ್ತಿ ಮೂಸಿಕೊಳ್ಳುವಂತೆ ಮಾಡಿದಿರಿ. ಬೋಧನೆ ಅಂದರೆ ಇದು.

ಒಂದು ಸಣ್ಣ ತಕರಾರು. ಲಾಭದಲ್ಲಿ ನೀವು ಪಾಲುದಾರರಿಗೆ ಬಿಡಿಗಾಸೂ ಕೊಡುತ್ತಿಲ್ಲ. ಕಂಕುಳಿನ ಅಪೊಕ್ರೈನ್ ಗ್ರಂಥಿಗಳ ಬೆವರಿಗೆ ಹೊರಬರುವಾಗ ಹೆಚ್ಚೇನೂ ವಾಸನೆ ಇರುವುದಿಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಒಡೆದು ತಿಂದ ಮೇಲೆಯೇ ನಿಮ್ಮ ಗಲ್ಲಾಪೆಟ್ಟಿಗೆ ತುಂಬುವುದು. ಆ ಬಡಪಾಯಿಗಳ ಹೆಸರು ಡಬ್ಬಿಯ ಮೇಲೆ ಬಂದರೂ ಕೊಲ್ಲಬೇಕಾದವರ ಪಟ್ಟಿಯಲ್ಲಿ ಬರುತ್ತದೆ.

ಹೋಗಲಿ. ನೀವು ಗುತ್ತಿಗೆ ಹಿಡಿದಿರುವುದು ಬರೀ ಚರ್ಮ. ಒಳಗಿನ ಆಸ್ತಿ ಏನೆಂದು ಎಂಬಿಬಿಎಸ್ ಮೊದಲ ವರ್ಷದ ಮಕ್ಕಳನ್ನು ಕೇಳಿ. ಫಾರ್ಮಲಿನ್ ಘಾಟಿಗೆ ಕಣ್ಣೊರೆಸಿಕೊಳ್ಳುತ್ತಾ ಅವರು ಇಕ್ಕಳದಲ್ಲಿ ಶವದ ಕಂಕುಳಿನ ಹಳದಿ ಕೊಬ್ಬನ್ನು ಚೂರುಚೂರೇ ಕಿತ್ತು ತೆಗೆಯುತ್ತಾರೆ. ಮುಂದೆ ಎದೆಯ ಸ್ನಾಯು, ಹಿಂದೆ ಹೆಗಲಿನ ಸ್ನಾಯು, ಒಳಮಗ್ಗುಲಿಗೆ ಪಕ್ಕೆಲುಬು, ಹೊರಗೆ ತೋಳಿನ ಮೂಳೆ. ಈ ಪಿರಮಿಡ್ಡಿನ ತುದಿ ಕೊರಳಿನತ್ತ ತೆರೆದಿರುತ್ತದೆ. ಆ ಕಿಂಡಿಯಲ್ಲೇ ತೋಳಿನ ರಕ್ತನಾಳಗಳೂ ನರಗಳೂ ಹಾಯಬೇಕು. 5 ನರಬೇರುಗಳು ಕೂಡಿ 3 ಕಾಂಡ, ಕವಲೊಡೆದು 6, ಮತ್ತೆ ಸೇರಿ 3 ಹುರಿ. ಹುರಿಗಳು ಅಪಧಮನಿಯನ್ನು ಸುತ್ತುವರಿಯುತ್ತವೆ. ಊರುಗೋಲಿನ ಮೇಲೆ ಕಂಕುಳಿನ ಭಾರ ಹಾಕಿಯೇ ನಡೆದವರಿಗೆ ಕೆಲವೊಮ್ಮೆ ಇಲ್ಲಿನ ರೇಡಿಯಲ್ ನರ ಅಮುಕಿ ಮುಂಗೈ ಜೋತುಬೀಳುವುದುಂಟು. ಇದಕ್ಕೆ ನಿಮ್ಮ ಸ್ಪ್ರೇ ನಾಟುವುದಿಲ್ಲ.

ಆ ಕೊಬ್ಬಿನೊಳಗೆ ಸುಮಾರು 20ರಿಂದ 30 ದುಗ್ಧರಸ ಗ್ರಂಥಿಗಳಿವೆ. ಸ್ತನದ ದುಗ್ಧರಸದಲ್ಲಿ ಸುಮಾರು ಶೇ. 75ರಷ್ಟು ಬಂದು ಸೇರುವುದು ಇಲ್ಲಿಗೇ. ಸ್ತನ ಕ್ಯಾನ್ಸರ್ ಹರಡಲು ಹೊರಟರೆ ಸಾಮಾನ್ಯವಾಗಿ ಮೊದಲು ತಂಗುವುದೂ ಇಲ್ಲೇ. ಆದ್ದರಿಂದ ಒಂದು ಅರಿಕೆ: ‘48 ಗಂಟೆ ತಾಜಾತನ’ದ ಕೆಳಗೆ ಒಂದು ಸಾಲಿನ ಜಾಗ ದಾನ ಮಾಡಿ. ಮೂಸಲು ಕೈ ಎತ್ತಬೇಕು, ಸರಿ. ಗಂಟಿದೆಯೇ ಎಂದು ನೋಡಲು ಕೈ ಇಳಿಸಿ ಸಡಿಲ ಬಿಡಬೇಕು. ಎತ್ತಿದರೆ ಚರ್ಮ ಬಿಗಿದು ಬೆರಳು ಒಳಗೆ ಹೋಗುವುದೇ ಇಲ್ಲ. ಸಿಕ್ಕಿದ್ದೆಲ್ಲ ಕ್ಯಾನ್ಸರಲ್ಲ, ಬೆರಳಿಗೆ ಕೀವಾದರೂ ಇಲ್ಲಿ ಗಂಟು ಊದುತ್ತದೆ. ಡಾಕ್ಟರಿಗೆ ತೋರಿಸಿದರಾಯಿತು. ಆದರೆ ಕೈ ಇಳಿಸಿ ಎನ್ನುವ ಜಾಹೀರಾತಿಗೆ ನಿಮ್ಮ ಹೀರೋ ಒಪ್ಪಬೇಕಲ್ಲ!

ನಷ್ಟವಾದೀತು ಎಂಬ ಭಯವಿದ್ದರೆ ಮೊಣಕೈ ಇನ್ನೂ ಖಾಲಿ ಇದೆ. ಅದಕ್ಕೆ ಬೆಲ್ಲ ಸವರುವ ಕಲೆಯಲ್ಲಿ ರಾಜಕಾರಣಿಗಳ ಪೈಪೋಟಿ ಬಿಟ್ಟರೆ ನಿಮಗೆ ಎದುರಾಳಿಗಳಿಲ್ಲ. ಅದರ ಮಡಿಕೆಯಲ್ಲೇ ಲ್ಯಾಬಿನವರು ರಕ್ತ ಎಳೆಯುವ ಸಿರೆ ಇರುವುದು. ಸಿರೆಗೂ ಕೆಳಗಿನ ಅಪಧಮನಿಗೂ ನಡುವೆ ಸ್ನಾಯುವಿನ ಒಂದು ತೆಳು ಪೊರೆ ಕಾವಲಿದೆ. ರಕ್ತ ಹರಿಸಿ ರೋಗ ಕಳೆಯುತ್ತಿದ್ದ ಕಾಲದ ಯುರೋಪಿನ ಕ್ಷೌರಿಕ ವೈದ್ಯರ ಮಾನ ಉಳಿಸಿದ್ದು ಆ ಪೊರೆ. ಇಷ್ಟಿದ್ದೂ ನೀವು ತರುವುದು ಕಪ್ಪು ಮೊಣಕೈ ಬೆಳ್ಳಗಾಗುವ ಕ್ರೀಮನ್ನೇ ಎಂದು ನನಗೆ ಖಾತ್ರಿ ಇದೆ. ಶೂಟಿಂಗಿನಲ್ಲಿ ಮಾತ್ರ ರೂಪದರ್ಶಿಯನ್ನು ಬಾಗಿಲಿನ ಚೌಕಟ್ಟಿನಿಂದ ದೂರ ನಿಲ್ಲಿಸಿ. ಒಳಬದಿಯ ಮೂಳೆಗಂಟಿನ ಹಿಂದೆ, ಚರ್ಮದಡಿಯಲ್ಲೇ ಅಲ್ನಾರ್ ನರವಿದೆ. ತಗಲಿದರೆ ಕಿರುಬೆರಳಿನವರೆಗೆ ಜುಮ್ಮೆಂದು, ಆ ಮುಗುಳ್ನಗೆಗೆ ಬಹಳ ರೀಟೇಕ್ ಬೇಕಾದೀತು.

ಇತಿ ನಿಮ್ಮ ವಿಧೇಯ,
ಒಬ್ಬ ಅಂಗರಚನಾಶಾಸ್ತ್ರದ ಮೇಷ್ಟ್ರು