ಕೆಂಪು ಗುಂಡಿಯ ಮಹಿಮೆ

ಮಿಕ್ಸಿಯ ತಳದಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಕೆಂಪು ಗುಂಡಿ ಇರುತ್ತದೆ. ಜಾರು ತುಂಬಿ ತುಳುಕುವಷ್ಟು ಒಣಕೊಬ್ಬರಿ ಸುರಿದು ಮೋಟರಿಗೆ ಏದುಸಿರು ಬರಿಸಿದರೆ ಅದು ಟಪ್ಪೆಂದು ಆಚೆ ಬರುತ್ತದೆ. ಸ್ವಲ್ಪ ಆರಲು ಬಿಟ್ಟು ಒಳಕ್ಕೆ ಒತ್ತಿದರೆ ಮಿಕ್ಸಿ ಮತ್ತೆ ಗರ್ರೆನ್ನುತ್ತದೆ. ಅಷ್ಟೇ. ಆ ಅಷ್ಟಕ್ಕಾಗಿ ನಾನು ಮೈಸೂರಿನ ಕುವೆಂಪುನಗರದಿಂದ ವಿಜಯನಗರದ ನಾಲ್ಕನೇ ಹಂತದವರೆಗೆ ಸ್ಕೂಟರ್ ಓಡಿಸಿರುತ್ತೇನೆ.

"ಒಂದು ಗುಂಡಿ ಒತ್ತೋದಕ್ಕೆ 200 ರೂಪಾಯಿಯೇನಪ್ಪಾ?" ಎಂದರು ಒಬ್ಬರು ಅಜ್ಜಿ. ಅಂದಿನಿಂದ ಗುಂಡಿ ಒತ್ತುವ ಮೊದಲು ನಾಲ್ಕು ಸ್ಕ್ರೂ ಬಿಚ್ಚಿ, ಒಳಗೆ ಇಣುಕಿ, "ಛೆ ಛೆ" ಅಂದು ಮತ್ತೆ ಬಿಗಿಯುತ್ತೇನೆ. ಇದು ಮೋಸವಲ್ಲ, ಮಂಗಳಾರತಿಗೆ ಮುಂಚಿನ ಗಂಟೆ.

ವಾಷಿಂಗ್ ಮೆಷಿನ್ ಕತೆಯೇ ಬೇರೆ. ನೀರು ಆಚೆ ಹೋಗುತ್ತಿಲ್ಲ ಅಂದರೆ ಮೊದಲು ಕೈ ಹಾಕುವುದು ಕೆಳಗಿನ ಫಿಲ್ಟರಿಗೆ. ನಾಣ್ಯ, ಪಿನ್ನು, ಮಗುವಿನ ಕಾಲುಚೀಲ ಸಿಗುವುದು ಮಾಮೂಲು. ಒಮ್ಮೆ ಬಿಯರ್ ಬಾಟಲಿಯ ಮುಚ್ಚಳ ಸಿಕ್ಕಿತು. ಮನೆಯಾಕೆ ಅದನ್ನು ನೋಡಿದರು, ಆಮೇಲೆ ಯಜಮಾನರನ್ನು ನೋಡಿದರು. ಕಾಫಿಗೂ ಕಾಯದೆ ನಾನು ಎದ್ದು ಬಂದೆ.

ಇತ್ತ ನಮ್ಮ ಮನೆಯ ಗೀಸರಿನ ಕಾಯಿಲಿಗೆ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಮೂರು ತಿಂಗಳಾಗಿದೆ. ನಿನ್ನೆ ಹೆಂಡತಿ ಅಡುಗೆಮನೆಯಿಂದಲೇ ನನಗೆ ಫೋನ್ ಮಾಡಿ, "ಗೀಸರ್ ರಿಪೇರಿಯವರಾ? ಯಾವಾಗ ಬರ್ತೀರಿ?" ಎಂದಳು.

"ನಾಳೆ ಹನ್ನೊಂದರೊಳಗೆ ಬರ್ತೀನಿ ಮೇಡಂ," ಅಭ್ಯಾಸಬಲದಿಂದ ಹೇಳಿಬಿಟ್ಟೆ.